ಬೂದು ಜೇಡಿಯ ವಯಸ್ಸು

ಮನೆ, ಹಿಂದಿನ ಕೋಣೆ
ಭಾನುವಾರ ಮಧ್ಯಾಹ್ನ, ನವೆಂಬರ್ 17

ಪ್ರೀತಿಯ ಅಣ್ಣಾ,

ಮೊದಲು ನಿನ್ನ ಕಿವಿಯ ವಿಚಾರ ಬರೆ. ಅಮ್ಮನಿಗೆ ಹಾಕಿದ್ದ ಕಾರ್ಡಿನಲ್ಲಿ ಎಡಗಿವಿ ಮಂದವಾಗಿದೆ ಎಂದು ಒಂದು ಸಾಲು ಗೀಚಿ ಸುಮ್ಮನಾಗಿಬಿಟ್ಟಿದ್ದೀಯ. ಬಾವಿ ಕೊರೆಯುವ ಯಂತ್ರದ ಮಗ್ಗುಲಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತರೆ ಇನ್ನೇನಾಗುತ್ತದೆ ಹೇಳು. ಕಿವಿಗೆ ಹಾಕಿಕೊಳ್ಳುವ ಮುಚ್ಚಳ ಕೊಡುತ್ತಾರಂತಲ್ಲ, ಅದನ್ನು ಕುತ್ತಿಗೆಗೆ ನೇತು ಹಾಕಿಕೊಂಡು ಓಡಾಡುವವನು ನೀನು, ನನಗೆ ಗೊತ್ತಿಲ್ಲವೇ. ಮಂಡಿ ಹೇಗಿದೆ? ಮೆಟ್ಟಿಲು ಇಳಿಯುವಾಗ ನೋಯುತ್ತದೋ ಹತ್ತುವಾಗಲೋ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಆಮೇಲೆ ಇದ್ದೇವೆ ಎಂದಷ್ಟೇ ಬರೆಯುವುದು ಸರಿ ಅನ್ನಿಸಿತು. ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದ್ದಾಯಿತು. ಈಗ ಮನೆಯ ಧೂಳೆಲ್ಲ ಅವಳಿಗೆ ಕಾಣುತ್ತದೆ, ನಮಗೆ ಉಳಿಗಾಲವಿಲ್ಲ. ನಮ್ಮವರು ಎಂದಿನಂತೆ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿ ನಮ್ಮ ಮನೆಯ ನಲ್ಲಿಯನ್ನು ಮಾತ್ರ ಹಾಗೇ ಸೋರಲು ಬಿಟ್ಟಿದ್ದಾರೆ. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನನಗೆ ಏನೂ ಇಲ್ಲ, ಬರೀ ದಣಿವು. ಹಾಸಿಗೆಯಲ್ಲಿ ಹೊರಳಿ ಎದ್ದರೆ ಹೋಗುವಂಥದ್ದಲ್ಲ.

ಒಂಬತ್ತು ವರ್ಷಗಳಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಅಮ್ಮನ ಕಾಗದಗಳ ಕೊನೆಯಲ್ಲಿ “ಕೇಳಿದೆ ಅಂತ ತಿಳಿಸು ಅಂದಳು ತಂಗಿ” ಎಂದಿರುತ್ತಿತ್ತಲ್ಲ, ಅದು ಅಮ್ಮನದೇ ಸೃಷ್ಟಿ. ನಿನ್ನ ಕಾರ್ಡುಗಳಲ್ಲಿ ನನ್ನನ್ನು ಕೇಳಿದ ಸಾಲುಗಳೂ ಅವಳು ಓದಿ ಹೇಳುವಾಗ ಹುಟ್ಟಿಕೊಂಡವು ಎಂದು ನನಗೆ ತಿಳಿದಿತ್ತು. ಇಬ್ಬರ ನಡುವೆ ಅವಳೊಬ್ಬಳೇ ಇಷ್ಟು ವರ್ಷ ಸುಳ್ಳು ಹೇಳಿ ಸಂಬಂಧ ಕಾಪಾಡಿಕೊಂಡು ಬಂದಳು. ಇರಲಿ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಎರಡು ವಾರದಿಂದ ವಿಚಾರಣೆಯವರ ಮುಂದೆ ಎಲ್ಲವನ್ನೂ ಮೊದಲಿನಿಂದ ಹೇಳಿ ಹೇಳಿ ಅದೇ ಅಭ್ಯಾಸವಾಗಿದೆ.

ಗುಡ್ಡದ ಮೇಲಿನ ಶಾಲೆಯ ಜಾಗವನ್ನು ನೀನು ಪರೀಕ್ಷಿಸಿದ ವರ್ಷ ನೆನಪಿದೆಯಲ್ಲ. ಮೂರು ಕಡೆ ಕೊರೆಸಿದ್ದೆ. ಮೇಲೆ ಹದಿನೆಂಟು ಮೀಟರ್ ಬಿಳಿ ಸುಣ್ಣಕಲ್ಲು, ಅದರ ಕೆಳಗೆ ಬೂದು ಜೇಡಿ. ಜೇಡಿಯ ಮೇಲ್ಮೈ ಯಾರೋ ಹೆಬ್ಬೆರಳಿನಿಂದ ಉಜ್ಜಿದ ಹಾಗೆ ಮಿರುಗುತ್ತಿದೆ, ಈ ಕಲ್ಲು ಇಲ್ಲಿ ಹುಟ್ಟಿದ್ದಲ್ಲ, ಮೇಲಿನಿಂದ ಜಾರಿ ಬಂದು ಜೇಡಿಯ ಮೇಲೆ ಕೂತಿದೆ, ಮತ್ತೆ ಜಾರುತ್ತದೆ, ಕಟ್ಟಡ ಬೇಡ ಎಂದು ನೀನು ಬರೆದೆ. ಮಿರುಗುವುದನ್ನು ನೋಡಿ ಊರಿನ ಶಾಲೆ ನಿಲ್ಲಿಸಲಾಗುತ್ತದೆಯೇ ಎಂದರು ಎಂಜಿನಿಯರುಗಳು. ಹಾಗಾದರೆ ಜೇಡಿಯ ವಯಸ್ಸು ನೋಡಿ ಎಂದೆ ನೀನು. ಕೆಳಗಿನದು ಮೇಲಿನದಕ್ಕಿಂತ ಹಳೆಯದಾದರೆ ಎಲ್ಲ ಹಾಸಿದ ಹಾಗೇ ಇದೆ, ನೆಲ ಗಟ್ಟಿ. ಕೆಳಗಿನದೇ ಎಳೆಯದಾದರೆ ಮೇಲಿನದು ಎಲ್ಲಿಂದಲೋ ಬಂದದ್ದು. ಮಾದರಿ ನಮ್ಮ ಪ್ರಯೋಗಾಲಯಕ್ಕೆ ಬಂತು, ನನ್ನ ಮೇಜಿಗೆ ಬಂತು. ಜೇಡಿ ಹಳೆಯದು ಎಂದು ನಾನು ಬರೆದುಕೊಟ್ಟೆ. ನಮ್ಮ ಮುಖ್ಯಸ್ಥರು, ಗಡಿಯಾರ ಸಾಹೇಬರು, ಎಂದಿನಂತೆ ಮಣಿಕಟ್ಟು ನೋಡಿಕೊಳ್ಳುತ್ತಾ ಸಹಿ ಹಾಕಿದರು. ಶಾಲೆ ಎದ್ದಿತು. ನೀನು ಊರು ಬಿಟ್ಟು ಹೋದೆ.

ಈ ಸೆಪ್ಟೆಂಬರಿನಲ್ಲಿ ಮಗಳು ಮನೆಗೆ ಬಂದು, ಮೂರನೇ ತರಗತಿಯ ಬಾಗಿಲು ಮುಚ್ಚುವುದಿಲ್ಲ, ಟೀಚರು ಎರಡು ನೋಟ್‌ಬುಕ್ ಸಂದಿಗೆ ತುರುಕಿ ನಿಲ್ಲಿಸುತ್ತಾರೆ, ಅದರಲ್ಲಿ ಒಂದು ನನ್ನದು ಎಂದು ಹೆಮ್ಮೆಯಿಂದ ಹೇಳಿದಳು. ಮಳೆಗೆ ಮರ ಉಬ್ಬಿರಬೇಕು ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ವಾರ ಪೋಷಕರ ಸಭೆಗೆಂದು ಹೋದಾಗ ನೋಡಿದೆ: ಬಾಗಿಲು ಉಬ್ಬಿರಲಿಲ್ಲ, ಚೌಕಟ್ಟು ವಾಲಿತ್ತು. ಹಿಂದಿನ ಮೆಟ್ಟಿಲ ಗೋಡೆಯಲ್ಲಿ ನೆಲದಿಂದ ನನ್ನ ಭುಜದವರೆಗೆ ಬಿರುಕು. ಬಿರುಕಿನ ತುದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಅಡ್ಡಗೀಟು, ಪಕ್ಕದಲ್ಲಿ ತಾರೀಕು. ಅದರ ಕೆಳಗೆ ಇನ್ನೊಂದು ಗೀಟು, ಇನ್ನೊಂದು ತಾರೀಕು. ಹೀಗೆ ಏಳೆಂಟು. ಬರೆದವರು ಶಾಲೆಯ ಜವಾನರು. ಗಂಟೆ ಹೊಡೆಯುವುದೂ ಅವರೇ ಆದ್ದರಿಂದ ಮಕ್ಕಳಿಗೆ ಗಂಟೆ ಮಾಮ. “ಇದು ಬೆಳೀತಾ ಇದೆ ಕಣಮ್ಮ. ನಾಲ್ಕು ಸಲ ಹೇಳ್ದೆ. ಸುಣ್ಣ ಹೊಡಿಸ್ತೀವಿ ಅಂದ್ರು,” ಎಂದರು. ನಾನು ಆ ತಾರೀಕುಗಳನ್ನು ಓದುತ್ತಾ ನಿಂತೆ. ಸಭೆಯಲ್ಲಿ ಮಗಳ ಗಣಿತದ ಬಗ್ಗೆ ಟೀಚರು ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ.

ಮಾರನೆಯ ದಿನ ನಮ್ಮ ಪ್ರಯೋಗಾಲಯದ ನೆಲಮಾಳಿಗೆಗೆ ಇಳಿದೆ. ಕೊರೆದು ತೆಗೆದ ಕಲ್ಲಿನ ಕಂಬಗಳನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಪೆಟ್ಟಿಗೆಯಲ್ಲಿಟ್ಟಿರುತ್ತೇವಲ್ಲ, ಅದು ಸಿಕ್ಕೀತೋ ಇಲ್ಲವೋ ಎಂದುಕೊಂಡಿದ್ದೆ. ಸಿಕ್ಕಿತು. ಮೂರನೇ ಸಾಲಿನ ಕೆಳಗಿನ ಹಲಗೆಯ ಮೇಲೆ, ನಿನ್ನ ಅಕ್ಷರದ ಚೀಟಿಯ ಸಮೇತ. ನಿನ್ನ ಅಕ್ಷರ ಎಷ್ಟು ಕೆಟ್ಟದು ಅಣ್ಣಾ, ಒಂಬತ್ತು ವರ್ಷವಾದರೂ ಒಂಚೂರೂ ಸುಧಾರಿಸಿಲ್ಲ ಎಂದು ಅಲ್ಲೇ ನಗು ಬಂತು. ಜೇಡಿ ಒಣಗಿ ಬಿಸ್ಕತ್ತಿನಂತೆ ಬಿರಿದಿತ್ತು. ಹದಿನೆಂಟೂವರೆ ಮೀಟರಿನದು ಒಂದು ಮುಷ್ಟಿ ತೆಗೆದುಕೊಂಡೆ. ಸೆರಗಿನಲ್ಲಿ ಕಟ್ಟಿಕೊಂಡು ಬಂದೆ ಎಂದು ಆಮೇಲೆ ವಿಚಾರಣೆಯಲ್ಲಿ ಹೇಳಿದಾಗ ಒಬ್ಬರು ಅದನ್ನೂ ಬರೆದುಕೊಂಡರು.

ಈ ಸಲ ಎಲ್ಲವನ್ನೂ ವಿಧಿವತ್ತಾಗಿ ಮಾಡಿದೆ. ಜರಡಿಯನ್ನು ಉಜ್ಜಿ ತೊಳೆದು ನೀಲಿ ಬಣ್ಣದ ನೀರಿನಲ್ಲಿ ಅದ್ದಿದೆ. ಮಣ್ಣಿನ ವಯಸ್ಸು ಹೇಳುವ ಆ ಪುಟ್ಟ ಚಿಪ್ಪುಗಳಲ್ಲಿ ಹಿಂದಿನ ಮಾದರಿಯದು ಒಂದಾದರೂ ಜರಡಿಯ ಕಣ್ಣಿನಲ್ಲಿ ಸಿಕ್ಕಿಕೊಂಡಿದ್ದರೆ ಅದು ನೀಲಿಯಾಗುತ್ತದೆ. ಹೊಸ ಮಾದರಿಯೊಳಗೆ ಬಂದರೆ ತಾನು ಪರಕೀಯ ಎಂದು ತಾನೇ ಹೇಳಿಕೊಳ್ಳುತ್ತದೆ. ನನಗೆ ಇದನ್ನು ಕಲಿಸಿದವನೇ ನೀನು. ಜೇಡಿ ನೆನೆಹಾಕಿ, ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರವಿ, ಮೂರು ಕೂದಲಿನ ಕುಂಚ ನಾಲಿಗೆಗೆ ತಾಗಿಸಿಕೊಂಡು ಒಂದೊಂದೇ ಚಿಪ್ಪನ್ನು ಎತ್ತಿದೆ. ಆ ಜೇಡಿ ಮಹಾ ಬಡವ. ಇಡೀ ಮುಷ್ಟಿಗೆ ಇಪ್ಪತ್ತಮೂರು ಚಿಪ್ಪು. ಅಷ್ಟಕ್ಕೆ ನಾಲ್ಕು ದಿನ ಬೇಕಾಯಿತು, ನನ್ನ ಕಣ್ಣೂ ಈಗ ಮೊದಲಿನಂತಿಲ್ಲ. ಇಪ್ಪತ್ತಮೂರೂ ಎಳೆಯವು. ಮೇಲಿನ ಸುಣ್ಣಕಲ್ಲು ಸಮುದ್ರದ ತಳದಲ್ಲಿ ಗಟ್ಟಿಯಾಗಿ ಎಷ್ಟೋ ಲಕ್ಷ ವರ್ಷ ಕಳೆದ ಮೇಲೆ ಹುಟ್ಟಿದ ಜಾತಿಗಳು. ಒಂದೂ ನೀಲಿಯಿಲ್ಲ, ಒಂದೂ ಹಳೆಯದಿಲ್ಲ. ನೀನು ಬರೆದದ್ದು ಸರಿಯಾಗಿತ್ತು. ಇದನ್ನು ಇನ್ನೊಮ್ಮೆ ಬರೆಯುತ್ತೇನೆ, ಎಡಗಿವಿಗೂ ಕೇಳಲಿ: ನೀನು ಬರೆದದ್ದು ಸರಿಯಾಗಿತ್ತು.

ಹಾಗಾದರೆ ಮೊದಲ ಸಲ ನನಗೆ ಹಳೆಯ ಚಿಪ್ಪುಗಳು ಎಲ್ಲಿಂದ ಬಂದವು? ಹಳೆಯ ದಿನಚರಿ ತೆಗೆದು ನೋಡಿದೆ. ಅದೇ ಬೆಳಿಗ್ಗೆ, ಅದೇ ಜರಡಿಯಲ್ಲಿ, ಒಂದು ಕಲ್ಲುಗಣಿಯ ಮಾದರಿ ತೊಳೆದಿದ್ದೆ. ಅದು ತುಂಬಾ ಹಳೆಯ ಕಲ್ಲು, ಚಿಪ್ಪುಗಳೋ ಅಕ್ಕಿ ಸುರಿದ ಹಾಗೆ. ನಡುವೆ ನೀಲಿ ನೀರಿನಲ್ಲಿ ಅದ್ದಿದ ಗುರುತು ದಿನಚರಿಯಲ್ಲಿಲ್ಲ. ಅದ್ದಿರಲಿಲ್ಲ. ಆಗ ನಾನು ಏಳು ತಿಂಗಳ ಬಸುರಿ. ಆ ಬಣ್ಣದ ವಾಸನೆಗೆ ಹೊಟ್ಟೆ ತೊಳೆಸಿ ಬರುತ್ತಿತ್ತು.

ಸಾಹೇಬರ ಬಳಿಗೆ ಹೋದೆ. ಅವರಿಗೆ ನಿವೃತ್ತಿಗೆ ನಾಲ್ಕು ತಿಂಗಳು. ನನ್ನ ಕಾಗದ ಓದಿ, ಮಡಚಿ, ಮೇಜಿನ ಆಚೆ ತಳ್ಳಿ, “ನಾಲ್ಕು ತಿಂಗಳು ತಡ್ಕೊಳ್ಳಮ್ಮ. ಒಂಬತ್ತು ವರ್ಷ ನಿಂತಿದ್ದು ನಾಲ್ಕು ತಿಂಗಳು ನಿಲ್ಲಲ್ವಾ?” ಎಂದರು. ಕೆಟ್ಟವರಲ್ಲ, ನಿನಗೂ ಗೊತ್ತು. ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು ಬಾಗಿಲಲ್ಲೇ ಗಡಿಯಾರ ನೋಡಿಕೊಂಡು ಹೋದವರು. ಅವರ ಎದುರು ಜಗಳವಾಡುವ ಶಕ್ತಿಯೂ ನನಗಿರಲಿಲ್ಲ. ಕಾಗದ ಎತ್ತಿಕೊಂಡು, ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೇರ ಶಾಲೆಗೆ ಹೋದೆ.

ಅಲ್ಲಿನ ದೊಡ್ಡ ಟೀಚರು ಗಣಿತದವರು. ಸಣ್ಣ ಆಳು, ಧ್ವನಿ ಮಾತ್ರ ಮೈದಾನದ ಆ ತುದಿಗೆ ಕೇಳುತ್ತದೆ. ಅವರ ಮೇಜಿನ ಮೇಲೆ ಹಾಜರಿ ಪುಸ್ತಕಗಳನ್ನು ಸರಿಸಿ ಸೂಕ್ಷ್ಮದರ್ಶಕ ಇಟ್ಟೆ. ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ತುಂಬಾ ಹೊತ್ತು ನೋಡಿದರು. “ಬಸವನಹುಳದ ಥರಾ ಇದೆ. ಏನಿದು?” ಈ ಊರೆಲ್ಲ ಸಮುದ್ರವಾಗಿದ್ದಾಗ ನೀರಿನಲ್ಲಿ ತೇಲಿಕೊಂಡಿದ್ದ ಜೀವಿಗಳ ಚಿಪ್ಪು, ಒಂದೊಂದೂ ಮರಳಿನ ಕಣದಷ್ಟು, ಸತ್ತ ಮೇಲೆ ತಳಕ್ಕೆ ಉದುರಿ ಕೆಸರಿನಲ್ಲಿ ಸೇರಿಕೊಂಡವು, ಒಂದೊಂದು ಕಾಲಕ್ಕೆ ಒಂದೊಂದು ಜಾತಿ, ಅದಕ್ಕೇ ಇವನ್ನು ನೋಡಿದರೆ ಮಣ್ಣಿನ ವಯಸ್ಸು ತಿಳಿಯುತ್ತದೆ ಎಂದು ಹೇಳಿದೆ. ಶಾಲೆಯ ಕೆಳಗಿನ ಮಣ್ಣು ಅದರ ಮೇಲಿನ ಕಲ್ಲಿಗಿಂತ ಎಳೆಯದು, ಆದ್ದರಿಂದ ಆ ಕಲ್ಲು ಜಾರಿ ಬಂದದ್ದು, ಮತ್ತೆ ಜಾರುತ್ತಿದೆ ಎಂದೆ. ಇದನ್ನು ಒಂಬತ್ತು ವರ್ಷದ ಹಿಂದೆ ತಪ್ಪಾಗಿ ಬರೆದುಕೊಟ್ಟವಳು ನಾನೇ ಎಂದೂ ಹೇಳಿದೆ. ಅವರು ಕನ್ನಡಕ ಇಳಿಸಿಕೊಂಡು, “ನಾನೂರ ಹನ್ನೆರಡು ಮಕ್ಕಳು. ಈ ಸಾಸಿವೆ ಕಾಳು ಅರ್ಧ ಮಾಡಿದಂಥದ್ದನ್ನ ನೋಡಿ ಎಲ್ಲಿಗೆ ಕರ್ಕೊಂಡ್ ಹೋಗ್ಲಿ ನಾನು?” ಎಂದರು. ಕಿಟಕಿಯಾಚೆ ಯಾವುದೋ ತರಗತಿ ಒಟ್ಟಿಗೆ ಮಗ್ಗಿ ಹೇಳುತ್ತಿತ್ತು. ಅದು ಮುಗಿದ ಮೇಲೆ ಅವರು, “ನಿಮ್ಮ ಮಗಳನ್ನ ನಾಳೆ ಕಳಿಸ್ತೀರಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದ್ರೆ ಸರಿ,” ಎಂದು ಎದ್ದು, ಗಂಟೆ ಮಾಮನನ್ನು ಕರೆದರು.

ಆಮೇಲಿನ ಹತ್ತೊಂಬತ್ತು ದಿನ ಹೇಗೆ ಕಳೆದೆವೋ. ಮುಚ್ಚಿಹೋಗಿದ್ದ ಬಾಟಲಿ ಕಾರ್ಖಾನೆಯ ಹಾಲ್‌ಗೆ ಮಕ್ಕಳನ್ನು ಸಾಗಿಸಿದರು. ಎಂಟು ತರಗತಿಗಳು ಒಂದೇ ಸೂರಿನಡಿ, ಮಧ್ಯೆ ಬಟ್ಟೆಯ ಪರದೆ, ಎರಡೇ ಎರಡು ಶೌಚಾಲಯ. ಮೊದಲ ವಾರ ಪೋಷಕರು ದೊಡ್ಡ ಟೀಚರನ್ನು ಬೈದರು. ಎರಡನೇ ವಾರದಿಂದ ಸರದಿ ನನ್ನದು. ಬಸ್‌ಸ್ಟಾಪಿನಲ್ಲಿ “ಚಿಪ್ಪಮ್ಮ ಬಂದ್ಲು” ಎಂದು ದಾರಿ ಬಿಡುತ್ತಿದ್ದರು. ಒಂದು ದಿನ ಯಾರೋ ಗೇಟಿಗೆ ಒಂದು ಚೀಲ ಬಸವನಹುಳದ ಚಿಪ್ಪು ನೇತು ಹಾಕಿ ಹೋಗಿದ್ದರು. ಅಮ್ಮ ಅದನ್ನು ಬಿಡಿಸಿ, ಚೆನ್ನಾಗಿರುವವನ್ನು ಆರಿಸಿ ತೊಳೆದು, ಹೂಕುಂಡದ ಸುತ್ತ ಜೋಡಿಸಿದಳು. “ಪಾಪ, ಎಷ್ಟು ಹೊತ್ತು ಆರಿಸಿದಾನೋ,” ಎಂದಳು. ಮಗಳು ಮಾತ್ರ ತರಗತಿಯಲ್ಲಿ ಯಾರನ್ನೋ ಕಚ್ಚಿ ಬಂದಳು. ಸಾಹೇಬರು ನನ್ನನ್ನು ಮೇಜಿನಿಂದ ಎಬ್ಬಿಸಿ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿದರು. ದಿನಕ್ಕೆ ಇನ್ನೂರು ಚೀಟಿ ಅಂಟಿಸಿದೆ. ಗುಡ್ಡ ಅಲ್ಲಾಡಲಿ ಎಂದು ಬೇಡಿಕೊಳ್ಳಬಾರದು, ಅಲ್ಲಾಡದಿರಲಿ ಎಂದು ಬೇಡಿಕೊಂಡರೆ ನಾನೇ ಸುಳ್ಳಾಗುತ್ತೇನೆ. ಏನನ್ನೂ ಬೇಡಿಕೊಳ್ಳದೆ ಚೀಟಿ ಅಂಟಿಸಿದೆ.

ಇಪ್ಪತ್ತನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗುಡ್ಡ ಅಲ್ಲಾಡಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಶಾಲೆಯ ಹಿಂದಿನ ಭಾಗ ಮೂರು ಅಡಿ ಕೆಳಗೆ ಸರಿದು ಕೂತಿತು, ಮೆಟ್ಟಿಲು ಪೂರ್ತಿ ಕುಸಿಯಿತು, ಮೂರನೇ ತರಗತಿಯ ಗೋಡೆ ಒಳಕ್ಕೆ ಮಲಗಿತು. ಆ ಹೊತ್ತಿಗೆ ಅಲ್ಲಿ ಇಪ್ಪತ್ತೊಂಬತ್ತು ಮಕ್ಕಳಿರಬೇಕಿತ್ತು. ಇದ್ದದ್ದು ಗಂಟೆ ಮಾಮ ಒಬ್ಬರೇ. ಕಾರ್ಖಾನೆಯ ಹಾಲ್‌ನಲ್ಲಿ ಗಂಟೆಯಿಲ್ಲದೆ ತಗಡು ಬಡಿದು ಬಡಿದು ಸಾಕಾಗಿ, ಶಾಲೆಗೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ, ತಮ್ಮ ಗಂಟೆ ಬಿಚ್ಚಿಕೊಳ್ಳಲು ಹೋಗಿದ್ದರು. ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಆಸ್ಪತ್ರೆಗೆ ಹೋದರೆ, “ಗಂಟೆ ಸಿಕ್ತು ಕಣಮ್ಮ, ಕಾಲು ಹೋಯ್ತು,” ಎಂದು ನಕ್ಕರು. ಗಂಟೆ ಮಂಚದ ಕೆಳಗೇ ಇತ್ತು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, ನೀವಿಲ್ಲದಿದ್ದರೆ ನಮ್ಮ ಮೊಮ್ಮಗಳೂ ಆ ರೂಮಿನಲ್ಲೇ ಇರುತ್ತಿದ್ದಳು ಎಂದು ಅತ್ತರು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ನನಗೆ ಬೈಗುಳ ಹೊರುವುದು ಅಭ್ಯಾಸವಾಗಿತ್ತು. ಇದನ್ನು ಹೊರಲಾಗಲಿಲ್ಲ ಅಣ್ಣಾ. ಆಸ್ಪತ್ರೆಯ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದೆ. ನಮ್ಮವರು ಅಲ್ಲಿನ ಲಿಫ್ಟು ನೋಡಲು ಬಂದವರು ನನ್ನನ್ನು ಕಂಡು, ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತರು.

ಈಗ ವಿಚಾರಣೆ ನಡೆದಿದೆ. ಮೂರು ಜನ, ಮೂವರೂ ಮೃದುವಾಗಿ ಮಾತಾಡುವವರು. ನಿನ್ನ ಹಳೆಯ ವರದಿಯನ್ನು ತೆಗೆಸಿ ಮೇಜಿನ ಮೇಲಿಟ್ಟಿದ್ದಾರೆ, ನಡುನಡುವೆ ಅದನ್ನು ಓದಿ ತಲೆಯಾಡಿಸುತ್ತಾರೆ. ನಿನ್ನನ್ನು ಕರೆಸುತ್ತಾರೆ, ಕಾಗದ ಈ ವಾರದಲ್ಲೇ ನಿನಗೆ ಬರಬಹುದು. ಜರಡಿಯ ವಿಷಯ ಹೇಳಿದೆ. ಬಸುರಿ ಹೆಂಗಸಿಗೆ ಆ ವಾಸನೆಯ ಕೆಲಸ ಕೊಟ್ಟದ್ದೇ ತಪ್ಪು ಎಂದು ಅವರೇ ನನ್ನ ಪರ ವಾದಿಸಿದರು. ಎಚ್ಚರ ತಪ್ಪಿದ್ದು, ಉದ್ದೇಶವಿಲ್ಲ ಎಂದು ಬರೆದುಕೊಂಡಿದ್ದಾರೆ. ಒಂದು ಛೀಮಾರಿಗೆ ಮುಗಿಯುತ್ತದೆ, ಕೆಲಸ ಹೋಗುವುದಿಲ್ಲ. ಶುಕ್ರವಾರ ಕೊನೆಯಲ್ಲಿ ಒಬ್ಬರು, “ಆ ಮೊದಲನೇ ಸಲ ಎಳೇ ಚಿಪ್ಪು ಒಂದೂ ಕಾಣ್ಲಿಲ್ವಾ?” ಎಂದು ಕೇಳಿದರು. ಇಲ್ಲ ಎಂದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಹೇಳಿಕೆಗೆ ಸಹಿ ಹಾಕಬೇಕು.

ನೀನು ಬಾ ಅಣ್ಣಾ. ಅವರು ಕರೆದರೆಂದು ಅಲ್ಲ. ಅಮ್ಮ ಈ ಕಾಗದದಲ್ಲಿ ತನ್ನದೊಂದು ಮಾತು ಸೇರಿಸು ಎಂದಿದ್ದಾಳೆ, ಈ ಸಲ ನಿಜವಾಗಿಯೂ ಅವಳದೇ: “ಬರ್ತಾನೋ ಇಲ್ವೋ ನೇರ ಕೇಳು. ಸುತ್ತಿ ಬಳಸಿ ಬರೀಬೇಡ. ಕಣ್ಣು ಸರಿ ಮಾಡಿಸ್ಕೊಂಡಿದ್ದು ಧೂಳು ನೋಡೋಕಲ್ಲ.” ನಿನ್ನ ಸೋದರಸೊಸೆ ಸೋದರಮಾವನಿಗೆ ಎಷ್ಟು ಹಲ್ಲಿವೆ ಎಂದು ಕೇಳಿದ್ದಾಳೆ, ಉತ್ತರ ಅವಳಿಗೇ ಬರೆ. ನಮ್ಮವರ ನಮಸ್ಕಾರ, ಅಮ್ಮನ ಆಶೀರ್ವಾದ. ಕಿವಿ ತೋರಿಸಿಕೋ.

ನಿನ್ನ ತಂಗಿ,
ಇರುವೆ
(ಹೀಗೆ ಕರೆಯುವವರು ಈಗ ಇಲ್ಲಿ ಯಾರೂ ಇಲ್ಲ)

ಮರೆತದ್ದು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಹರಿದೆ. ರೈಲ್ವೆ ನಿಲ್ದಾಣದ ಡಬ್ಬಿಯಿಂದ ಭಾನುವಾರವೂ ಐದಕ್ಕೆ ಟಪಾಲು ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ಮೊದಲನೇ ಸಲ ಎಳೆಯ ಚಿಪ್ಪು ಕಂಡಿತ್ತು. ಏಳು. ಹಳೆಯವು ಅರವತ್ತು, ಎಳೆಯವು ಏಳು. ಅರವತ್ತು ಜರಡಿಯಿಂದ ಬಂದವು, ಏಳು ಜೇಡಿಯವು ಎಂದು ಅವತ್ತು ಸಂಜೆಯೊಳಗೇ ನನಗೆ ಹೊಳೆದಿತ್ತು. ಇನ್ನೊಂದು ಮುಷ್ಟಿ ತೊಳೆದು ನೋಡಿದ್ದರೆ ಮುಗಿಯುತ್ತಿತ್ತು. ತೊಳೆಯಲಿಲ್ಲ. ಏಳನ್ನೂ ಕುಂಚದಿಂದ ಎತ್ತಿ ಬೇರೆ ಗಾಜಿಗೆ ಅಂಟಿಸಿ, ಸಂಖ್ಯೆ ಬರೆಯದೆ, ಡ್ರಾಯರಿನ ಹಿಂದೆ ಇಟ್ಟೆ. ಎಚ್ಚರ ತಪ್ಪಿದ್ದಲ್ಲ, ಬಸಿರಲ್ಲ, ವಾಸನೆಯಲ್ಲ. ಅದಕ್ಕೆ ಎರಡು ದಿನ ಮೊದಲು ಎಂಜಿನಿಯರುಗಳೆಲ್ಲ ಕೂತಿದ್ದಾಗ ನನ್ನನ್ನು ತೋರಿಸಿ ನೀನು, “ಇವಳು ತೊಳ್ದು ಕೊಡ್ತಾಳೆ ಅಷ್ಟೆ, ನೋಡೋನು ನಾನು,” ಎಂದು ನಕ್ಕಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ. ಒಂದೇ ಒಂದು ಸಲ ನಿನ್ನದು ತಪ್ಪಾಗಲಿ ಅನ್ನಿಸಿತು. ಹೇಗೂ ನೀನು ಒಪ್ಪುವುದಿಲ್ಲ, ಜಗಳವಾಡಿ, ಇನ್ನೊಂದು ಮಾದರಿ ಕೇಳಿ, ಯಾವಾಗಲೂ ಗೆದ್ದ ಹಾಗೆ ಗೆಲ್ಲುತ್ತೀಯ, ಅಷ್ಟರೊಳಗೆ ನನಗೆ ಎರಡು ದಿನದ ಸಮಾಧಾನ ಸಿಕ್ಕೀತು ಎಂದುಕೊಂಡಿದ್ದೆ. ನೀನು ಜಗಳವಾಡಲಿಲ್ಲ. ನನ್ನ ವರದಿ ಓದಿ, “ನೀನು ನೋಡಿದೀಯ ಅಂದ್ಮೇಲೆ ಸರಿ ಇರುತ್ತೆ,” ಎಂದು ನನ್ನ ತಲೆ ಸವರಿ ಹೋಗಿ ಪೆಟ್ಟಿಗೆ ಕಟ್ಟಿದೆ. ನಾಳೆ ಹತ್ತಕ್ಕೆ ಆ ಗಾಜನ್ನು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಡುತ್ತೇನೆ. ಅವರಿಗಿಂತ ಮೊದಲು ನಿನಗೆ ಹೇಳಬೇಕಿತ್ತು. ಇದನ್ನು ಓದಿದ ಮೇಲೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಅಮ್ಮನಿಗೆ ಮಾತ್ರ ಬರೆ.